ಬ್ಯಾಕಪ್ ಇದ್ದರೆ ಸಾಲದು: ರಿಕವರಿ ಡಿಸ್ಕಿನ ಸಿದ್ಧತೆ



ಗಡಿನಾಡಿನ ಕನ್ನಡ ಶಾಲೆಯ ಗಣಕಯಂತ್ರವು ಕೆಟ್ಟಾಗ ಒದಗುವ ನಷ್ಟವು ಇತರ ಶಾಲೆಗಳ ನಷ್ಟದಂತಲ್ಲ. ತೆಲುಗಿನ ಕಡತವೊಂದು ಅಳಿದುಹೋದರೆ ನೆರೆಯ ಶಾಲೆಯಲ್ಲಿ ಅದರ ಪ್ರತಿ ದೊರೆತೀತು. ಹಿಂದೂಪುರದಲ್ಲಾಗಲಿ ಕಲ್ಯಾಣದುರ್ಗದಲ್ಲಾಗಲಿ ನೀವು ರಾತ್ರಿ ಕುಳಿತು ಬೆರಳಚ್ಚಿಸಿದ ಕನ್ನಡ ಪ್ರಶ್ನೆಪತ್ರಿಕೆಗೆ, ವಿಜ್ಞಾನದ ಪಾರಿಭಾಷಿಕ ಪದಗಳ ಪಟ್ಟಿಗೆ ಬಹುತೇಕ ಆ ಒಂದು ಯಂತ್ರವೇ ನೆಲೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ರಾಜ್ಯಗಳಿಗೆ ಹೇಳುತ್ತದೆ. ಕಡತಗಳನ್ನು ಕಾಯುವ ಹೊಣೆ ಮಾತ್ರ ನಮ್ಮದೇ.

ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಇಟ್ಟು ನಿಶ್ಚಿಂತರಾಗಿರುವವರು ಹಲವರು. ಆದರೆ ವಿಂಡೋಸ್ ತಾನೇ ಏಳದಿದ್ದಾಗ ಆ ಬ್ಯಾಕಪ್ಪನ್ನು ತೆರೆಯುವವರಾರು? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದಂತಾಗುತ್ತದೆ. ಆ ಹೊರಗಿನ ಕೀಲಿಯೇ ಬೂಟ್ ಆಗಬಲ್ಲ ರಿಕವರಿ ಡಿಸ್ಕ್. ವಿದ್ಯುತ್ ಹರಿದೊಡನೆ ಯಂತ್ರವು ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುತ್ತದೆ; ಸಾಮಾನ್ಯವಾಗಿ ಒಳಗಿನ ಹಾರ್ಡ್ ಡಿಸ್ಕಿನಲ್ಲಿ, ನಾವು ಸೂಚಿಸಿದರೆ ಡಿವಿಡಿಯಲ್ಲಿ ಅಥವಾ ಪೆನ್ ಡ್ರೈವಿನಲ್ಲಿ.

ವಿಂಡೋಸ್ 7 ಮತ್ತು 10ರ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್' ಎಂಬ ಭಾಗವಿದೆ. ಅದರ ಎಡಬದಿಯಲ್ಲಿ ಎರಡು ಆಯ್ಕೆಗಳು. 'ಕ್ರಿಯೇಟ್ ಎ ಸಿಸ್ಟಂ ಇಮೇಜ್' ಎಂಬುದು ಇಡೀ ವ್ಯವಸ್ಥೆಯ ಪಡಿಯಚ್ಚನ್ನು ಹೊರಗಿನ ಡಿಸ್ಕಿಗೆ ಇಳಿಸುತ್ತದೆ. ಆ ಡಿಸ್ಕು ಎನ್‌ಟಿಎಫ್‌ಎಸ್ ವಿನ್ಯಾಸದಲ್ಲಿರಬೇಕು. 'ಕ್ರಿಯೇಟ್ ಎ ಸಿಸ್ಟಂ ರಿಪೇರ್ ಡಿಸ್ಕ್' ಎಂಬುದು ಖಾಲಿ ಡಿಸ್ಕಿನ ಮೇಲೆ ಬೂಟ್ ಮಾಡುವ ಸಾಧನಗಳನ್ನು ಬರೆಯುತ್ತದೆ. ಎರಡನೆಯದರಲ್ಲಿ ನಿಮ್ಮ ಒಂದಕ್ಷರವೂ ಇರುವುದಿಲ್ಲ. ಎರಡೂ ಬೇಕು. 32 ಬಿಟ್ ಯಂತ್ರದಲ್ಲಿ ಮಾಡಿದ ರಿಪೇರ್ ಡಿಸ್ಕು 64 ಬಿಟ್ ಯಂತ್ರದ ಇಮೇಜನ್ನು ಮರಳಿಸದು. ಡಿವಿಡಿ ಡ್ರೈವ್ ಇಲ್ಲದ ಯಂತ್ರವಾದರೆ ವಿಂಡೋಸ್ 10ರಲ್ಲಿ 'ರಿಕವರಿ ಡ್ರೈವ್' ಎಂದು ಹುಡುಕಿ, 16 ಜಿಬಿ ಅಥವಾ ಅದಕ್ಕೂ ಹೆಚ್ಚಿನ ಪೆನ್ ಡ್ರೈವಿನಲ್ಲಿ ಸಿದ್ಧಪಡಿಸಬಹುದು. ಅದರಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆಂಬುದು ನೆನಪಿರಲಿ. ಬೇಸಿಗೆಯಲ್ಲಿ ಕರೆಂಟು ಹೋಗುವ ವೇಳೆಯನ್ನು ತಪ್ಪಿಸಿ ಈ ಕೆಲಸಕ್ಕೆ ಕೈಹಾಕುವುದು ಲೇಸು.

ಇಷ್ಟೆಲ್ಲ ಏಕೆ, ಅಂಗಡಿಗೆ ಒಯ್ದರೆ ಹೊಸದಾಗಿ ವಿಂಡೋಸ್ ಹಾಕಿಕೊಡುವರಲ್ಲ ಎನ್ನಬಹುದು. ಹಾಕಿಕೊಡುವರು, ನಿಜ. ಆದರೆ ಅದರೊಡನೆ ನುಡಿಯಾಗಲಿ ಬರಹವಾಗಲಿ ಬರುವುದಿಲ್ಲ. ಈ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ನಿಮ್ಮ ಪಾಠವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅದನ್ನು ಕಂಡು ಕಡತವೇ ಕೆಟ್ಟಿತೆಂದು ಅಳಿಸಿಬಿಟ್ಟರೆ ಅನರ್ಥ. ಸಿಸ್ಟಂ ಇಮೇಜಿನಲ್ಲಿ ಫಾಂಟು, ಕೀಲಿಮಣೆಯ ವಿನ್ಯಾಸ ಎಲ್ಲವೂ ಇದ್ದಂತೆಯೇ ಮರಳುತ್ತವೆ. ಯೂನಿಕೋಡ್‌ನಲ್ಲಿ ತೆಲುಗಿಗೂ ಕನ್ನಡಕ್ಕೂ ಅಕ್ಕಪಕ್ಕದಲ್ಲೇ ಪ್ರತ್ಯೇಕ ಸ್ಥಾನಗಳಿರುವುದರಿಂದ ಹೊಸ ಬರವಣಿಗೆಗೆ ಈ ತೊಡಕಿಲ್ಲ. ಹಳೆಯ ಕಡತಗಳನ್ನೂ ಕ್ರಮೇಣ ಅದಕ್ಕೆ ಪರಿವರ್ತಿಸಿಕೊಳ್ಳಬೇಕು.

ಮರಳಿಸುವಾಗ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಬೇಕು. ತಯಾರಕರಿಗೆ ತಕ್ಕಂತೆ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿ ಬೇಕಾದೀತು. ವಿಂಡೋಸ್ 10ರಲ್ಲಿ 'ಟ್ರಬಲ್‌ಶೂಟ್', ಅನಂತರ 'ಅಡ್ವಾನ್ಸ್ಡ್ ಆಪ್ಷನ್ಸ್', ಅಲ್ಲಿ 'ಸಿಸ್ಟಂ ಇಮೇಜ್ ರಿಕವರಿ'. ಇಮೇಜ್ ಮರಳಿದಾಗ ಡಿಸ್ಕಿನಲ್ಲಿರುವುದೆಲ್ಲ ಅಳಿದು, ಇಮೇಜ್ ಮಾಡಿದ ದಿನದ ಸ್ಥಿತಿಯೇ ನಿಲ್ಲುತ್ತದೆ. ಜೂನ್‌ನಲ್ಲಿ ಇಮೇಜ್ ಮಾಡಿ ಡಿಸೆಂಬರಿನಲ್ಲಿ ಮರಳಿಸಿದರೆ ನಡುವಿನ ಆರು ತಿಂಗಳ ಅಂಕಪಟ್ಟಿಗಳು ಇರುವುದಿಲ್ಲ. ಆದ್ದರಿಂದ ಕಡತಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇರೆಯಾಗಿ ತೆಗೆದಿಡಬೇಕು.

ಡಿಸ್ಕು ಸಿದ್ಧವಾದ ದಿನವೇ ಅದರಿಂದ ಯಂತ್ರವನ್ನೊಮ್ಮೆ ಎಬ್ಬಿಸಿ, ಆಯ್ಕೆಗಳ ಪುಟದವರೆಗೆ ಹೋಗಿ, ಏನನ್ನೂ ಒತ್ತದೆ ಹಿಂದಿರುಗಿ. ಮೇಲೆ ಮಾರ್ಕರಿನಿಂದ ದಿನಾಂಕ, ಯಾವ ಯಂತ್ರ, 32 ಅಥವಾ 64 ಬಿಟ್ ಎಂದು ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಿ. ಬ್ಯಾಕಪ್ ಇರುವ ಹಾರ್ಡ್ ಡಿಸ್ಕು ಗಣಕಯಂತ್ರದ ಕೋಣೆಯಲ್ಲಿ ಇರುವುದು ಬೇಡ.