ಇಲ್ಲದ ಭಾಷೆಯಲ್ಲಿ ಬದನೆಕಾಯಿ ಮಾರಿದ್ದು



ನಮ್ಮ ಕನ್ನಡ ಸಂಘದ ಪ್ರತಿ ವಾರ್ಷಿಕೋತ್ಸವದಲ್ಲೂ ಈ ಹೊತ್ತಿಗೆ ನಾನು ಪರದೆಯ ಹಿಂದೆ ಇರುತ್ತಿದ್ದೆ. ಮಕ್ಕಳಿಗೆ ಮೀಸೆ ಬರೆಯುವುದು, ಪಟಗಾ ಸುತ್ತುವುದು, ಮಾತು ಮರೆತವರಿಗೆ ಮರೆಯಿಂದ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಈ ಸಲ ಕಾರ್ಯದರ್ಶಿಗಳು ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನು ನಾಟಕದ ಕ್ಲಾಸಿಗೆ ಸೇರಿದ ಸುದ್ದಿ ಅವರ ಕಿವಿಗೆ ಬಿದ್ದಿದೆ. ‘ಅಲ್ಲೇನು ಕಲಿಸಿದರು, ಹತ್ತು ನಿಮಿಷ ಹೇಳಿ’ ಅಂದರು. ಹೇಳುತ್ತೇನೆ. ಕೊನೆಗೆ ಒಂದು ಬೇಡಿಕೆಯೂ ಇದೆ, ಅದನ್ನು ಈಗಲೇ ಹೇಳಿಬಿಟ್ಟರೆ ಖಜಾಂಚಿಗಳು ಎದ್ದು ಹೋದಾರು!

ಕ್ಲಾಸು ಇಲ್ಲೇ ಪುಣೆಯಲ್ಲಿ. ಶನಿವಾರ, ಭಾನುವಾರ, ಮೂರು ತಿಂಗಳು. ನಾನು ಅರವತ್ತರವಳು, ಉಳಿದವರೆಲ್ಲ ಇಪ್ಪತ್ತರ ಆಚೀಚೆ. ಅವರಿಗೆ ನಾನು ‘ಕಾಕೂ’, ಅಂದರೆ ಚಿಕ್ಕಮ್ಮ. ಕಲಿಸುವವಳು ನನ್ನ ಮಗಳಿಗಿಂತ ಚಿಕ್ಕವಳು. ಮರಾಠಿ ರೂಢಿಯಂತೆ ಎಲ್ಲರೂ ಅವಳನ್ನು ‘ತಾಈ’ ಎನ್ನುತ್ತಿದ್ದರು, ಅಂದರೆ ಅಕ್ಕ. ನನ್ನ ಕನ್ನಡದ ಕಿವಿಗೆ ಅದು ‘ತಾಯಿ’ ಅಂತಲೇ ಬೀಳುತ್ತಿತ್ತು. ಕಲಿಯಲು ಹೋದವಳಿಗೆ ಹಾಗೆ ಬಿದ್ದದ್ದೇ ಒಳ್ಳೆಯದಾಯಿತು.

ಮೊದಲ ವಾರ ಬರೀ ನಡೆಸಿದಳು. ಕೋಣೆಯ ಯಾವ ಮೂಲೆಯೂ ಖಾಲಿ ಬೀಳದ ಹಾಗೆ ಎಲ್ಲರೂ ನಡೆಯಬೇಕು, ಚಪ್ಪಾಳೆ ಹೊಡೆದರೆ ನಿಂತಲ್ಲೇ ಕಲ್ಲಾಗಬೇಕು. ದುಡ್ಡು ಕೊಟ್ಟು ನಡೆಯುವುದನ್ನು ಕಲಿಯಬೇಕೇ ಎಂದು ನನಗೆ ಒಳಗೊಳಗೇ ಸಿಟ್ಟು. ಆಮೇಲೆ ತಾಈ ಕೇಳಿದಳು: ‘ನಡೆಯುವಾಗ ನಿಮ್ಮ ಮೈಯ ಯಾವ ಭಾಗ ಮುಂದೆ ಹೋಗುತ್ತದೆ?’ ನೋಡಿಕೊಂಡೆ. ನನ್ನದು ಹಣೆ. ಮೂವತ್ತು ವರ್ಷ ಬೆಳಗಿನ ಬಸ್ಸಿನ ಹಿಂದೆ ಓಡಿದ ಹಣೆ. ‘ಈಗ ಹೊಟ್ಟೆ ಮುಂದಿಟ್ಟು ನಡೆಯಿರಿ’ ಅಂದಳು. ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಇಂಡಿ ತಾಲೂಕಿನ ನಮ್ಮೂರ ಗೌಡರು ನನ್ನೊಳಗಿಂದ ಎದ್ದು ಬಂದರು! ಮೀಸೆಯಿಲ್ಲ, ಪಟಗಾ ಇಲ್ಲ, ಬಾಯಲ್ಲಿ ಒಂದು ಮಾತಿಲ್ಲ. ಇಷ್ಟು ವರ್ಷ ಮಕ್ಕಳ ಮೂತಿಗೆ ಕಾಡಿಗೆ ಬಳಿದು ಗೌಡರನ್ನು ಮಾಡುತ್ತಿದ್ದವಳಿಗೆ ಅವತ್ತು ನಾಚಿಕೆಯಾಯಿತು.

ಕನ್ನಡಿಯಾಟ ಎಂಬುದೊಂದಿತ್ತು. ಎದುರು ಬದರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅದೇ ಕ್ಷಣಕ್ಕೆ ಮಾಡುವುದು. ನಾನು ಎದುರಿನ ಹುಡುಗನನ್ನು ಸೋಲಿಸಲು ನೋಡಿ ಬೈಸಿಕೊಂಡೆ. ಅಷ್ಟೇ.

ಐದನೇ ವಾರದ್ದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಕೈಯಲ್ಲಿ ಏನೂ ಇಲ್ಲದೆ ಒಂದು ಕೆಲಸ ಮಾಡಿ ತೋರಿಸಬೇಕಿತ್ತು. ನಾನು ನೋಟು ಎಣಿಸಿದೆ. ಎಲ್ಲರೂ ತಟ್ಟನೆ ಗುರುತಿಸಿದರು. ತಾಈಗೆ ಸಮಾಧಾನವಾಗಲಿಲ್ಲ. ‘ಕೈ ಎಣಿಸುತ್ತಿದೆ ಕಾಕೂ, ನೀವು ಅಲ್ಲಿಲ್ಲ. ಬೇರೆ ಏನಾದರೂ?’ ನೆಲದ ಮೇಲೆ ಕೂತೆ. ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ನಡುವೆ ಗುಳಿ ಮಾಡಿ ಕುದಿಯುವ ನೀರು ಸುರಿದು ನಾದಿದೆ. ಉಂಡೆ ಕಟ್ಟಿ, ಒಣಹಿಟ್ಟು ಉದುರಿಸಿ ಬಡಿಯತೊಡಗಿದೆ. ‘ಬಿಸಿ ಎಲ್ಲಿ?’ ಎಂದಳು ತಾಈ. ಹೌದಲ್ಲ! ಕುದಿಯುವ ನೀರು ಹಾಕಿದ ಹಿಟ್ಟನ್ನು ತಣ್ಣಗೆ ನಾದುತ್ತಿದ್ದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಬೆರಳು ಚುರ್ ಎಂದಿತು. ಥಟ್ಟನೆ ಎತ್ತಿ ಕಿವಿಯ ಹಾಲೆಗೆ ಮುಟ್ಟಿಸಿದೆ.

ಅದು ನಾನಲ್ಲ. ಹತ್ತು ವರ್ಷದಿಂದ ನಮ್ಮ ಮನೆಗೆ ರೊಟ್ಟಿ ಬರುವುದು ಅಂಗಡಿಯಿಂದ. ಬೆರಳು ಸುಟ್ಟರೆ ಕಿವಿ ಮುಟ್ಟುತ್ತಿದ್ದವಳು ನಮ್ಮವ್ವ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು. ಹಂಚಿನ ಮೇಲೆ ರೊಟ್ಟಿ ಹಾಕಿ, ಹಸಿ ಬಟ್ಟೆಯಿಂದ ಮೇಲೆ ನೀರು ಸವರಿ, ಆ ನೀರು ಆರುವ ಮುಂಚೆ ತಿರುವಿ ಹಾಕುವವರೆಗೂ ಅವಳೇ ಮಾಡಿದಳು, ನಾನು ನೋಡುತ್ತಿದ್ದೆ. ಸೊಲ್ಲಾಪುರದ ಹುಡುಗನೊಬ್ಬ ‘ಭಾಕರಿ! ನನ್ನ ಅಜ್ಜಿಯೂ ಹೀಗೇ ಕಿವಿ ಹಿಡಿಯುತ್ತಾಳೆ’ ಎಂದು ಕೂಗಿದ. ಕೈಗೆ ಗಡಿ ಗೊತ್ತಿಲ್ಲ ಅಂದುಕೊಂಡೆ. ರಂಗಭೂಮಿಗೂ ಅದು ಗೊತ್ತಿರಲಿಲ್ಲವಲ್ಲ! ಉತ್ತರ ಕನ್ನಡದ ಕಡೆಯಿಂದ ಬಂದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಟ ಆಡಿತು, ಅದನ್ನು ನೋಡಿದ ಮೇಲೆಯೇ ವಿಷ್ಣುದಾಸ ಭಾವೆ 1843ರಲ್ಲಿ ಅಲ್ಲಿ ‘ಸೀತಾ ಸ್ವಯಂವರ’ ಕಟ್ಟಿದರು. ಮರಾಠಿ ನಾಟಕದ ಚರಿತ್ರೆ ಶುರುವಾಗುವುದು ಅಲ್ಲಿಂದ. ನಾವು ನವೆಂಬರ್ 1ರ ರಾಜ್ಯೋತ್ಸವದ ಬಾವುಟ ಮಡಚಿಡುವ ಹೊತ್ತಿಗೆ ಇಲ್ಲಿಯವರು ನವೆಂಬರ್ 5ರ ಮರಾಠಿ ರಂಗಭೂಮಿ ದಿನಕ್ಕೆ ಸಜ್ಜಾಗುತ್ತಿರುತ್ತಾರೆ.

ಆದರೆ ಮುಂದಿನ ವಾರ ಗಡಿ ಸಿಕ್ಕಿಬಿತ್ತು. ಅರ್ಥವೇ ಇಲ್ಲದ ಭಾಷೆಯಲ್ಲಿ ಸಂತೆಯ ವ್ಯಾಪಾರ ಮಾಡಬೇಕಿತ್ತು. ನಾನು ಬದನೆಕಾಯಿ ಮಾರಲು ಕೂತೆ. ಬಾಯಿಗೆ ಬಂದದ್ದನ್ನು ಒದರಿದೆ: ‘ಲಂಬಡಿ ಗಿರಕು ಬತ್ತೂಳೆ, ಚಿಗ್ಗರಿ ಬೂರು ತಪ್ಪೇಲಾ!’ ಎಲ್ಲರೂ ಬಿದ್ದು ಬಿದ್ದು ನಕ್ಕರು. ‘ಕಾಕೂ, ಇದು ಕಾನಡಿ!’ ಅಂದರು. ಅದರಲ್ಲಿ ಒಂದೇ ಒಂದು ಕನ್ನಡ ಶಬ್ದವಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ಅವರು ಗುರುತಿಸಿದ್ದು ಏನನ್ನು? ಒಂದೊಂದೇ ಶಬ್ದ ನೆನಪು ಮಾಡಿಕೊಂಡೆ. ಎಲ್ಲವೂ ಸ್ವರದಲ್ಲೇ ಮುಗಿದಿದ್ದವು. ಮರಾಠಿಯವರು ಘರ್, ಹಾತ್, ದಾರ್ ಎಂದು ವ್ಯಂಜನದಲ್ಲಿ ನಿಲ್ಲಬಲ್ಲರು. ನಮ್ಮ ನಾಲಿಗೆ ಹಾಗೆ ನಿಲ್ಲಲು ಒಪ್ಪುವುದಿಲ್ಲ. ಮನೆ, ಕೈ, ಬಾಗಿಲು. ಇಂಗ್ಲಿಷಿನಿಂದ ತಂದದ್ದನ್ನೂ ಬಸ್ಸು, ಕಾರು, ಬ್ಯಾಂಕು ಎಂದು ಬಾಲ ಅಂಟಿಸಿಯೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಮೇಲೆ ಒತ್ತಕ್ಷರದ ಗುದ್ದು ಬೇರೆ. ಅರ್ಥವನ್ನೆಲ್ಲ ಸೋಸಿ ತೆಗೆದ ಮೇಲೂ ನನ್ನ ಬಾಯಲ್ಲಿ ಉಳಿದದ್ದು ಈ ಧಾಟಿ.

ಈ ಆಟ ಎಲ್ಲಿಂದ ಬಂತು ಎಂದು ತಾಈಯನ್ನು ಕೇಳಿದೆ. ವಯೋಲಾ ಸ್ಪೋಲಿನ್ ಎಂಬ ಅಮೆರಿಕದ ಹೆಣ್ಣುಮಗಳ ಹೆಸರು ಹೇಳಿದಳು. ಆಕೆ ಷಿಕಾಗೋದಲ್ಲಿ, ಬೇರೆ ಬೇರೆ ದೇಶಗಳಿಂದ ವಲಸೆ ಬಂದವರ ಮಕ್ಕಳ ನಡುವೆ ಕೆಲಸ ಮಾಡುತ್ತ ಇಂಥ ಆಟಗಳನ್ನು ಕಟ್ಟಿದರಂತೆ. 1963ರಲ್ಲಿ ಅವೆಲ್ಲ ಪುಸ್ತಕವಾಗಿ ಬಂದವು, ಇವತ್ತಿಗೂ ನಾಟಕದ ಕ್ಲಾಸುಗಳಲ್ಲಿ ನಡೆಯುತ್ತಿವೆ. ವಲಸೆ ಬಂದವರ ಮಕ್ಕಳು! ನಮ್ಮ ಸಂಘದ ಮಕ್ಕಳು ಮತ್ತಿನ್ನೇನು?

ಮನೆಗೆ ಬಂದು ಮೊಮ್ಮಗಳ ಮೇಲೆ ಪ್ರಯೋಗ ಮಾಡಿದೆ. ಒಂಬತ್ತು ವರ್ಷ, ಹುಟ್ಟಿದ್ದು ಇಲ್ಲೇ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ‘ಸುಳ್ಳು ಭಾಷೆಯಲ್ಲಿ ಮಾತಾಡು’ ಎಂದರೆ ಟೀವಿಯ ಕಾರ್ಟೂನಿನ ಹಾಗೆ ಉಲಿದಳು. ನನಗೆ ಪೆಚ್ಚೆನಿಸಿತು. ‘ಸರಿ, ಈಗ ನೀನು ಅಜ್ಜಿ, ನಾನು ಮೊಮ್ಮಗಳು, ಹೋಮ್‌ವರ್ಕ್ ಮಾಡಿಲ್ಲ, ಬೈಯಿ’ ಅಂದೆ. ಸೊಂಟಕ್ಕೆ ಕೈಕೊಟ್ಟು ಶುರು ಮಾಡಿದಳು ನೋಡಿ! ಅರ್ಥ ಸೊನ್ನೆ, ರಾಗ ಅಪ್ಪಟ ಇಂಡಿ ತಾಲೂಕಿನದು. ಶಬ್ದದ ಕೊನೆಗೆ ‘ಉ’, ವಾಕ್ಯದ ಕೊನೆಗೆ ಒಂದು ‘ಏನ’ ಥರದ ಎಳೆತ. ಅವಳಿಗೆ ಕನ್ನಡ ಕಲಿಸಲಿಲ್ಲವಲ್ಲ ಎಂದು ಕೊರಗುತ್ತಿದ್ದೆ. ಬೈದು ಬೈದು ಅರ್ಧ ಕಲಿಸಿಬಿಟ್ಟಿದ್ದೆ.

ಇನ್ನು ಬೇಡಿಕೆ. ನಮ್ಮ ವಾರ್ಷಿಕೋತ್ಸವದ ನಾಟಕ ಹೇಗೆ ತಯಾರಾಗುತ್ತದೆ ಎಂಬುದು ನಿಮಗೆ ಗೊತ್ತು. ಹದಿನೈದು ದಿನ ಮುಂಚೆ ಮಾತುಗಳನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದು ಹಂಚುತ್ತೇವೆ. ಮಕ್ಕಳು ಉರು ಹೊಡೆಯುತ್ತಾರೆ. ಹೇಳಿದ್ದೇನೆಂದು ಅವರಿಗೆ ತಿಳಿಯದು, ನಾವು ಚಪ್ಪಾಳೆ ತಟ್ಟುತ್ತೇವೆ. ಯಾರನ್ನೂ ದೂರುತ್ತಿಲ್ಲ, ಆ ಹಾಳೆಗಳನ್ನು ಬರೆದುಕೊಟ್ಟವಳು ನಾನೇ. ಗಿಣಿಗೆ ವಿದ್ಯೆ ಕಲಿಸಲು ಹೋಗಿ ಅದರ ಬಾಯಿಗೆ ಕಾಗದ ತುರುಕಿ ಕೊಂದ ಕಥೆಯೊಂದನ್ನು ಟ್ಯಾಗೋರರು ಬರೆದಿದ್ದಾರೆ. ಬಿ.ವಿ. ಕಾರಂತರು ಅದರಿಂದಲೇ ಮಕ್ಕಳಿಗಾಗಿ ‘ಪಂಜರ ಶಾಲೆ’ ಮಾಡಿದರು. ಅದನ್ನು ಮಕ್ಕಳ ನಾಟಕ ಅನ್ನುತ್ತೇವೆ. ದೊಡ್ಡವರೇ ನೋಡಬೇಕಾದದ್ದು.

ಸಂಘದ ಈ ಸಭಾಂಗಣ ಭಾನುವಾರ ಬೆಳಿಗ್ಗೆ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಹತ್ತರಿಂದ ಹನ್ನೆರಡು ನನಗೆ ಕೊಡಿ. ಆರು ತಿಂಗಳು ಮಕ್ಕಳ ಕೈಗೆ ಒಂದು ಹಾಳೆಯನ್ನೂ ಕೊಡುವುದಿಲ್ಲ. ಅವರು ನಡೆಯಲಿ, ಕಲ್ಲಾಗಲಿ, ಅಜ್ಜಿಯಾಗಿ ಬೈಯಲಿ, ಸಂತೆ ಮಾಡಲಿ. ಬೇಕಾದ ಶಬ್ದವನ್ನು ಅವರೇ ಬಂದು ಕೇಳುತ್ತಾರೆ, ಆಗ ಹೇಳಿಕೊಡೋಣ. ಮುಂದಿನ ವರ್ಷದ ನಾಟಕ ಕಾಲು ಗಂಟೆಯದೇ ಆದೀತು, ನಡುನಡುವೆ ಮರಾಠಿಯೂ ಬಂದೀತು. ಬರಲಿ ಬಿಡಿ. ಒಂದು ಷರತ್ತು: ತಂದೆ ತಾಯಿ ಒಳಗೆ ಕೂಡುವಂತಿಲ್ಲ. ‘ಇವತ್ತು ಮರವಾಗಿದ್ದೆ’ ಎಂದು ಮಗು ಹೇಳಿದರೆ ‘ಅಷ್ಟೇನಾ ಕಲಿತದ್ದು’ ಎಂದು ಕೇಳಬೇಡಿ.

ಕೀಲಿಕೈ ಖಜಾಂಚಿಗಳ ಹತ್ತಿರ ಇದೆ. ಬರುವ ಭಾನುವಾರ ಹತ್ತಕ್ಕೆ ನಾನು ಬಾಗಿಲ ಮುಂದೆ ನಿಂತಿರುತ್ತೇನೆ. ಮಕ್ಕಳಿಗೆ ಸಡಿಲ ಬಟ್ಟೆ ಹಾಕಿ ಕಳಿಸಿ.