ಬಿಸಿಲಿನ ಪಂಪೋ, ಡೀಸೆಲ್ ಎಂಜಿನ್ನೋ? ಲೆಕ್ಕ ಹಾಕಿ ನೋಡೋಣ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಇಂದು ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು: "ಬಿಸಿಲಿಗೆ ಯಾರೂ ಕಾಸು ಕೇಳೋದಿಲ್ಲ, ಡೀಸೆಲ್‌ಗೆ ದಿನಾ ಕೊಡಬೇಕು. ಹಾಗಿದ್ದ ಮೇಲೆ ಯಾವುದು ಅಗ್ಗ ಅಂತ ಲೆಕ್ಕ ಬೇರೆ ಯಾಕೆ ಸ್ವಾಮಿ?" ಪಕ್ಕದಲ್ಲೇ ನಿಂತಿದ್ದ ಅವರ ಮಗ, "ಬಿಸಿಲು ಪುಕ್ಕಟೆ, ಸೋಲಾರ್ ಪ್ಲೇಟು ಪುಕ್ಕಟೆಯೇನಪ್ಪಾ?" ಎಂದ. ತಂದೆಯ ಮಾತೂ ನಿಜ, ಮಗನ ಮಾತೂ ನಿಜ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆಂಬುದೇ ನನ್ನ ಇಂದಿನ ವಿಷಯ.

ಮೊದಲು ಸ್ವಲ್ಪ ಹಿನ್ನೆಲೆ. 1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜನ್ನು ಬಿಗಿಹಿಡಿದಾಗ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಸೂರ್ಯನ ಬೆಳಕಿನಿಂದ ವಿದ್ಯುತ್ ಪಡೆಯುವ ಮಾತು ಜೋರಾಗಿ ಕೇಳಿಬಂದದ್ದು ಆಗಲೇ. ವಿದ್ಯೆ ಅದಕ್ಕೂ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1954ರಲ್ಲಿಯೇ ಸಿಲಿಕಾನ್ ಸೌರಕೋಶ ತಯಾರಾಗಿತ್ತು. ಬಿದ್ದ ಬೆಳಕಿನಲ್ಲಿ ಶೇಕಡಾ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಫಲಕಗಳು ಶೇಕಡಾ 20ಕ್ಕೂ ಹೆಚ್ಚನ್ನು ಮಾರ್ಪಡಿಸುತ್ತವೆ. ಆದರೆ ಅಂದು ತೊಡಕಾಗಿದ್ದುದು ಬೆಲೆ. 1970ರ ದಶಕದಲ್ಲಿ ಒಂದು ವಾಟ್ ಸಾಮರ್ಥ್ಯದ ಸೌರಕೋಶಕ್ಕೆ ಹತ್ತಾರು ಡಾಲರ್ ಕೊಡಬೇಕಾಗಿತ್ತು. ಉಪಗ್ರಹಗಳಿಗೆ ಸರಿ, ಹೊಲಕ್ಕಲ್ಲ. ಈಗ ಅದೇ ಒಂದು ವಾಟ್ ಅರ್ಧ ಡಾಲರಿಗೂ ಬಹಳ ಕಡಿಮೆಗೆ ಸಿಗುತ್ತದೆ.

ನಮ್ಮ ದೇಶದ ಅನುಭವವನ್ನೇ ನೋಡಿ. 2010ರಲ್ಲಿ ಸೌರ ವಿದ್ಯುತ್ ಸ್ಥಾವರಗಳಿಗೆ ಹರಾಜು ಕೂಗಿದಾಗ ಯೂನಿಟ್ಟಿಗೆ 11 ರೂಪಾಯಿಗಿಂತ ಕೆಳಗೆ ಬಂದವರು ಅಪರೂಪ. 2017ರಲ್ಲಿ ರಾಜಸ್ಥಾನದ ಭಾದ್ಲಾದಲ್ಲಿ ದರ 2 ರೂಪಾಯಿ 44 ಪೈಸೆಗೆ ಇಳಿಯಿತು. 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆ. ಹೊಸದಾಗಿ ಕಟ್ಟುವ ಕಲ್ಲಿದ್ದಲು ಸ್ಥಾವರದ ವಿದ್ಯುತ್ ಇದರ ಎರಡು ಪಟ್ಟಿಗೂ ಮೇಲೆ ಬೀಳುತ್ತದೆ. ಆದುದರಿಂದ ದೊಡ್ಡ ಸ್ಥಾವರಗಳ ಮಟ್ಟದಲ್ಲಿ, ಹಗಲಿನ ವಿದ್ಯುತ್ತಿನ ಮಟ್ಟಿಗೆ, ಈ ಪ್ರಶ್ನೆ ಬಹುಪಾಲು ತೀರ್ಮಾನವಾಗಿದೆ ಎನ್ನಬಹುದು. ಸಂಜೆ ದೀಪ ಹಚ್ಚುವ ಹೊತ್ತಿನದು ಬೇರೆ ಮಾತು. ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿಗೆ ಹಣ ಬೇಕು. ಆದರೆ ನಮ್ಮ ಪಂಪಿಗೆ ರಾತ್ರಿ ಓಡಲೇಬೇಕೆಂಬ ಹಟವಿಲ್ಲ. ಹಗಲು ನೀರೆತ್ತಿ ತೊಟ್ಟಿಯಲ್ಲೋ ಕೃಷಿ ಹೊಂಡದಲ್ಲೋ ತುಂಬಿಟ್ಟರೆ ಆ ನೀರೇ ನಮ್ಮ ಬ್ಯಾಟರಿ.

ಇನ್ನು ನಿಮ್ಮ ಹೊಲಕ್ಕೆ ಬರೋಣ. ಹಳ್ಳದ ದಂಡೆಯಲ್ಲಿಯೋ ತೆರೆದ ಬಾವಿಯ ಬದಿಯಲ್ಲಿಯೋ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇಟ್ಟುಕೊಂಡ ರೈತರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇಂಥ ಎಂಜಿನ್ ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ಕುಡಿಯುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಆಗಿತ್ತು. ಲೆಕ್ಕದ ಅನುಕೂಲಕ್ಕೆ 90 ಎಂದಿಡೋಣ. ಎಂಜಿನ್ ಆಯಿಲ್, ನಾಝಲ್, ರಿಪೇರಿ ಎಂದು ಗಂಟೆಗೆ 10 ರೂಪಾಯಿ ಸೇರಿಸಿ. ಗಂಟೆಗೆ 100 ರೂಪಾಯಿ ಆಯಿತು. ಎಂಜಿನ್ನಿನ ಬೆಲೆ 40,000 ರೂಪಾಯಿ, ಬಾಳಿಕೆ 8 ವರ್ಷ ಎಂದು ಹಿಡಿದರೆ ವರ್ಷಕ್ಕೆ ಸವಕಳಿ 5,000. ಹಾಕಿದ ಹಣದ ಅರ್ಧಕ್ಕೆ ನೂರಕ್ಕೆ 10ರಂತೆ ಬಡ್ಡಿ 2,000. ಅಂದರೆ ಎಂಜಿನ್ ಓಡಲಿ ಓಡದಿರಲಿ, ವರ್ಷಕ್ಕೆ 7,000 ರೂಪಾಯಿ ಖರ್ಚು ಖಾಯಂ.

ಅದೇ 5 ಅಶ್ವಶಕ್ತಿಯ ಸೌರ ಪಂಪಿಗೆ ಸಾಮಾನ್ಯವಾಗಿ 4,800 ವಾಟ್‌ನಷ್ಟು ಫಲಕಗಳನ್ನು ಜೋಡಿಸುತ್ತಾರೆ. ಸಹಾಯಧನ ಇಲ್ಲದ ಪೂರ್ತಿ ಬೆಲೆಯನ್ನು 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಫಲಕ 25 ವರ್ಷ ಬಾಳುತ್ತದೆ ಎನ್ನುತ್ತಾರೆ. ಮೋಟಾರು, ಕಂಟ್ರೋಲರ್ ಅಷ್ಟು ಬಾಳವು, ಹಾಗಾಗಿ ನಾನು 20 ವರ್ಷ ಹಿಡಿಯುತ್ತೇನೆ. ಸವಕಳಿ ವರ್ಷಕ್ಕೆ 15,000, ಬಡ್ಡಿ 15,000, ರಿಪೇರಿಗೆಂದು ತೆಗೆದಿಡಬೇಕಾದ ಹಣ 6,000. ಒಟ್ಟು 36,000 ರೂಪಾಯಿ. ಓಡಿಸುವ ಖರ್ಚು ಶೂನ್ಯ.

ಇಲ್ಲಿಯೇ ವಿಷಯದ ತಿರುಳಿದೆ. ಡೀಸೆಲ್ ಎಂಜಿನ್ ನಿಮ್ಮಿಂದ ಗಂಟೆಯ ಲೆಕ್ಕದಲ್ಲಿ ಹಣ ವಸೂಲು ಮಾಡುತ್ತದೆ. ಸೌರ ಪಂಪು ವರ್ಷದ ಲೆಕ್ಕದಲ್ಲಿ ವಸೂಲು ಮಾಡುತ್ತದೆ. ಒಂದು ಕೂಲಿಯಾಳು, ಇನ್ನೊಂದು ಜೀತದಾಳು ಎಂದು ನಮ್ಮ ಹಿರಿಯರಾಗಿದ್ದರೆ ಹೇಳುತ್ತಿದ್ದರೇನೋ; ಆ ಪದ್ಧತಿ ಕಾನೂನಿನಿಂದ ನಿಂತದ್ದು ಒಳ್ಳೆಯದೇ ಆಯಿತು, ಹೋಲಿಕೆಯನ್ನು ಬಿಟ್ಟುಬಿಡೋಣ.

ಒಳ್ಳೆಯ ಬಿಸಿಲಿನ ಒಂದು ದಿನ ಸೌರ ಪಂಪು ಎತ್ತುವ ನೀರನ್ನು ಎತ್ತಲು ಡೀಸೆಲ್ ಎಂಜಿನ್ ಸುಮಾರು 5 ಗಂಟೆ ಓಡಬೇಕು. ಅಂದರೆ ದಿನಕ್ಕೆ 500 ರೂಪಾಯಿ. ವರ್ಷದಲ್ಲಿ 30 ದಿನ ಮಾತ್ರ ನೀರು ಹಾಯಿಸುವವರಿಗೆ ಡೀಸೆಲ್ ಖರ್ಚು 15,000, ಖಾಯಂ ಖರ್ಚು 7,000, ಒಟ್ಟು 22,000 ರೂಪಾಯಿ. ಸೌರ ಪಂಪು ಕೊಂಡಿದ್ದರೆ ಅವರಿಗೆ 14,000 ರೂಪಾಯಿ ನಷ್ಟ! ಮುಂಗಾರು ಕೈಕೊಟ್ಟಾಗ ರಾಗಿಗೆ ಎರಡು ಸಲ ಜೀವರಕ್ಷಕ ನೀರು ಕೊಡುವ ರೈತರು ಈ ಗುಂಪಿಗೆ ಸೇರಿದವರು. ಅದೇ ತರಕಾರಿ, ಹಿಪ್ಪುನೇರಳೆ, ಬಾಳೆ, ಮೇವಿನ ಬೆಳೆ ಇಟ್ಟುಕೊಂಡು ವರ್ಷಕ್ಕೆ 150 ದಿನ ನೀರು ಹಾಯಿಸುವವರಿಗೆ ಡೀಸೆಲ್‌ನಲ್ಲಿ 82,000 ರೂಪಾಯಿ, ಸೌರ ಪಂಪಿನಲ್ಲಿ ಅದೇ 36,000. ಉಳಿತಾಯ 46,000 ರೂಪಾಯಿ. ಎರಡೂ ಸಮವಾಗುವುದು ಸುಮಾರು 58 ದಿನಕ್ಕೆ. ಬಡ್ಡಿಯ ದರವನ್ನೋ ಪಂಪಿನ ಬೆಲೆಯನ್ನೋ ನೀವು ಬದಲಿಸಿದರೆ ಈ ಸಂಖ್ಯೆ ಆಚೀಚೆ ಹೋಗುತ್ತದೆ. ಲೆಕ್ಕದ ರೀತಿ ಮಾತ್ರ ಬದಲಾಗುವುದಿಲ್ಲ.

"ಸಹಾಯಧನ ಬಿಟ್ಟು ಲೆಕ್ಕ ಹಾಕಿದಿರಲ್ಲ" ಎಂದು ಯಾರೋ ಹಿಂದಿನಿಂದ ಅಂದರು. ಬೇಕೆಂದೇ ಬಿಟ್ಟೆ. ವಸ್ತು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. ಈಗ ಸೇರಿಸಿ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಬಿ ಭಾಗದಲ್ಲಿ ಕೇಂದ್ರದಿಂದ ಶೇಕಡಾ 30, ರಾಜ್ಯದಿಂದ ಶೇಕಡಾ 30 ಎಂದು ಗೊತ್ತುಮಾಡಲಾಗಿತ್ತು. ಕರ್ನಾಟಕ ಸರ್ಕಾರ ತರುವಾಯ ತನ್ನ ಪಾಲನ್ನು ಶೇಕಡಾ 50ಕ್ಕೆ ಏರಿಸಿತು. ರೈತರ ಪಾಲು ಶೇಕಡಾ 20, ಅಂದರೆ ನಮ್ಮ ಉದಾಹರಣೆಯಲ್ಲಿ 60,000 ರೂಪಾಯಿ. ಆಗ ವರ್ಷದ ಖರ್ಚು 36,000ದಿಂದ 12,000ಕ್ಕೆ ಇಳಿಯುತ್ತದೆ, 10 ದಿನ ಓಡಿಸಿದರೂ ಡೀಸೆಲ್‌ಗೆ ಸಮ. ಹೀಗಾದಾಗ ಎಲ್ಲರಿಗೂ ಲಾಭವೆಂದು ತೋರುತ್ತದೆ. ಆದರೆ 30 ದಿನ ಓಡುವ ಪಂಪಿನ ಮೇಲೆ ಸುರಿದ ಸಾರ್ವಜನಿಕ ಹಣ ಸರಿಯಾದ ಜಾಗಕ್ಕೆ ಬಿತ್ತೇ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಹಳ್ಳಿಯೊಂದರಲ್ಲಿ ನಾನೇ ಕಂಡಿದ್ದೇನೆ: ಫಲಕಗಳ ಮೇಲೆ ಒಂದು ಬೆರಳು ದಪ್ಪ ಧೂಳು, ಕೆಳಗೆ ನೆರಳಿಗೆ ಕಟ್ಟಿದ ಎರಡು ಆಡು. ಬಾವಿಯಲ್ಲಿ ನೀರಿರಲಿಲ್ಲ. ಸಹಾಯಧನದ ಷರತ್ತುಗಳು ಆಗಾಗ್ಗೆ ಬದಲಾಗುತ್ತವೆ; ಅರ್ಜಿ ಹಾಕುವ ಹೊತ್ತಿಗೆ ಏನಿದೆ ಎಂಬುದನ್ನು ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ.

ನೀರು ಎಂದೆ. ಆಳದ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. 100 ಅಡಿ ಆಳದಿಂದ ನೀರೆತ್ತುವುದಾದರೆ 4,800 ವಾಟ್ ಫಲಕ ದಿನಕ್ಕೆ ಸರಿಸುಮಾರು 1 ಲಕ್ಷ ಲೀಟರ್ ಕೊಡಬಹುದು. ಒಂದು ಎಕರೆಗೆ ಒಂದು ಅಂಗುಲ ನೀರು ಹರಡಿದಷ್ಟು ಎಂದು ತಿಳಿಯಿರಿ. ಆಳ ಎರಡರಷ್ಟಾದರೆ ನೀರು ಅರ್ಧ. 600 ಅಡಿಯಿಂದಾದರೆ 16,000 ಲೀಟರ್ ಸಿಕ್ಕರೆ ಪುಣ್ಯ. ಅಷ್ಟು ನೀರು ಹನಿ ನೀರಾವರಿಗೆ ಸಾಲಬಹುದೇ ಹೊರತು ಕಾಲುವೆ ಕಟ್ಟಿ ಹಾಯಿಸಲು ಸಾಲದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ 1,000 ಅಡಿ ದಾಟಿದ ಕೊಳವೆ ಬಾವಿಗೆ ಸಣ್ಣ ಸೌರ ಪಂಪು ಇಳಿಸಿ ನಿರಾಶರಾದರೆ ಅದು ಸೂರ್ಯನ ತಪ್ಪಲ್ಲ. ಅಂಥ ಆಳಕ್ಕೆ ಮೇಲಿಂದ ಹೀರುವ ಡೀಸೆಲ್ ಪಂಪೂ ಆಗದು. 20-25 ಅಡಿಗಿಂತ ಕೆಳಗಿನ ನೀರನ್ನು ಅದು ಹೀರಲಾರದು, ಜನರೇಟರ್ ಇಟ್ಟರೆ ಖರ್ಚು ಇನ್ನೂ ಹೆಚ್ಚು. ಇದರ ಜೊತೆಗೆ ಇನ್ನೊಂದು ಅಪಾಯವಿದೆ. ಡೀಸೆಲ್‌ಗೆ ಹಣ ಕೊಡುವಾಗ ಕೈ ಹಿಡಿತದಲ್ಲಿರುತ್ತದೆ. ಓಡಿಸುವ ಖರ್ಚು ಶೂನ್ಯವಾದಾಗ ಬೆಳಗಿನಿಂದ ಸಂಜೆವರೆಗೆ ಪಂಪು ಬಿಟ್ಟೇ ಇರುವ ಚಟ ಹತ್ತುತ್ತದೆ. ಅಂತರ್ಜಲದ ಸವಕಳಿಯನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ನಿಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಡೀಸೆಲ್ ಎಂಜಿನ್ ಅಲ್ಲ, ಕಂಬದ ಕರೆಂಟು. 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಉಚಿತ. ರೈತರ ಜೇಬಿನಿಂದ ನೋಡಿದರೆ ಇದಕ್ಕಿಂತ ಅಗ್ಗದ್ದು ಇಲ್ಲ. ಆದರೆ ಉಚಿತ ಎಂದರೆ ಬೇರೊಬ್ಬರು ಕೊಡುತ್ತಿದ್ದಾರೆ ಎಂದರ್ಥ. ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲು ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರಬೇಕು, ಅದಕ್ಕೆ ಸರ್ಕಾರ ಹಣ ಕಟ್ಟಬೇಕು. 5 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 4 ಯೂನಿಟ್ ಉಪಯೋಗಿಸುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ 5 ಗಂಟೆಗೆ 120 ರೂಪಾಯಿ. ಡೀಸೆಲ್‌ನ 500ರ ಮುಂದೆ ಇದು ಕಾಲು ಭಾಗ. ಈ ದರಕ್ಕೆ ಸಮನಾಗಲು, ಸಹಾಯಧನವಿಲ್ಲದ ನಮ್ಮ 36,000 ರೂಪಾಯಿಯ ಸೌರ ಪಂಪು ವರ್ಷಕ್ಕೆ 300 ದಿನ ಓಡಬೇಕು. ಹೆಚ್ಚಿನ ಬೆಳೆಗಳಿಗೆ ಅಷ್ಟು ದಿನ ನೀರು ಹಾಯಿಸುವುದಿಲ್ಲ. ಪಕ್ಕದಲ್ಲಿ ಕಂಬ ಇರುವ ಕಡೆ ಒಬ್ಬೊಬ್ಬರಿಗೂ ಒಂದೊಂದು ಸೌರ ಪಂಪು ಹಾಕುವುದು ದುಬಾರಿ ಎಂದು ನನ್ನ ಅಭಿಪ್ರಾಯ. ರಾಜ್ಯದಲ್ಲಿ ಪರಿವರ್ತಕದಿಂದ 500 ಮೀಟರಿನ ಒಳಗಿರುವವರಿಗೆ ತಂತಿಯ ಸಂಪರ್ಕ, ಅದಕ್ಕೂ ದೂರದವರಿಗೆ ಸೌರ ಪಂಪು ಎಂದು ವಿಂಗಡಿಸಿದುದರ ಹಿಂದೆ ಇಂಥದೇ ಲೆಕ್ಕವಿದೆ.

ಹಾಗಾದರೆ ಕಂಬದ ಕರೆಂಟಿನವರಿಗೆ ಬಿಸಿಲಿನಿಂದ ಪ್ರಯೋಜನವಿಲ್ಲವೇ? ಇದೆ, ಬೇರೆ ದಾರಿಯಲ್ಲಿ. ಊರಿನ ಉಪಕೇಂದ್ರದ ಪಕ್ಕದಲ್ಲಿ ಹಲವು ಎಕರೆಯಲ್ಲಿ ಒಟ್ಟಿಗೆ ಫಲಕ ಹಾಕಿ, ಆ ವಿದ್ಯುತ್ತನ್ನು ಇರುವ ತಂತಿಯಲ್ಲಿಯೇ ಎಲ್ಲ ಪಂಪುಗಳಿಗೂ ಹರಿಸುವುದು. ಕುಸುಮ್-ಸಿ ಎಂದು ಕರೆಯುವ ಈ ಏರ್ಪಾಡಿನ ಘಟಕಕ್ಕೆ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಚಾಲನೆ ಕೊಡಲಾಯಿತು. ಇಲ್ಲಿ ಯೂನಿಟ್ಟಿನ ದರ 3 ರೂಪಾಯಿಯ ಆಸುಪಾಸು. ಒಬ್ಬರ ಪಂಪು ನಿಂತರೆ ಇನ್ನೊಬ್ಬರದು ಓಡುತ್ತದೆ, ಯಾರದೂ ಓಡದಿದ್ದರೆ ಊರಿನ ದೀಪಕ್ಕೋ ಗಿರಣಿಗೋ ಹೋಗುತ್ತದೆ. ಫಲಕ ಸುಮ್ಮನೆ ಬಿಸಿಲು ಕಾಯುತ್ತ ಕೂರುವುದಿಲ್ಲ. ಇದೆಲ್ಲಕ್ಕಿಂತ ಹೆಚ್ಚಿನದು, ಹಗಲು ಹೊತ್ತಿನಲ್ಲಿ ಮೂರು ಫೇಸ್ ಕರೆಂಟು. ಮಧ್ಯರಾತ್ರಿ ಟಾರ್ಚು ಹಿಡಿದು ಗದ್ದೆಗೆ ಹೋಗಿ ಹಾವು ತುಳಿದವರ ಮನೆಯವರನ್ನು ಕೇಳಿ, ಅದರ ಬೆಲೆ ಎಷ್ಟೆಂದು ಅವರು ಹೇಳುತ್ತಾರೆ.

ಪಾವಗಡದ ವಿಚಾರವನ್ನೂ ಕೆಲವರು ಕೇಳಿದ್ದೀರಿ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸ್ಥಾವರವಿದೆ. ರೈತರು ಭೂಮಿ ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಪದೇಪದೇ ಬರ ಬೀಳುವ ಸೀಮೆಯಲ್ಲಿ ಇದು ಕಡಿಮೆ ಆದಾಯವಲ್ಲ. ಆದರೆ ಗುತ್ತಿಗೆ ಹಣ ಬರುವುದು ಭೂಮಿ ಇದ್ದವರಿಗೆ. ಅಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ.

ಸೌರ ಪಂಪು ಈಗಾಗಲೇ ಹಾಕಿಸಿರುವವರಿಗೆ ಎರಡು ಮಾತು. ಫಲಕದ ಮೇಲೆ ತೆಂಗಿನ ಒಂದು ಗರಿಯ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ ಕುಗ್ಗುತ್ತದೆ, ಗರಿ ಸವರಿಸಿ. ಧೂಳನ್ನು ಬೆಳಗಿನ ತಂಪಿನಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ನಡುಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಎರಚಬೇಡಿ. ಸಿಡಿಲಿನ ರಕ್ಷಣೆಯ ಅರ್ಥಿಂಗ್ ತಂತಿ ಕಿತ್ತುಹೋಗಿದ್ದರೆ ಮಳೆಗಾಲಕ್ಕೆ ಮೊದಲೇ ಸರಿಪಡಿಸಿ. ನೀರು ಹಾಯಿಸದ ದಿನಗಳಲ್ಲಿ ಅದೇ ಫಲಕದಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ ಓಡಿಸಬಲ್ಲ ಕಂಟ್ರೋಲರ್‌ಗಳಿವೆ. ಕೊಳ್ಳುವ ಮೊದಲೇ ಅದನ್ನು ಕೇಳಿ, ಏಕೆಂದರೆ ಓಡುವ ದಿನ ಹೆಚ್ಚಿದಷ್ಟೂ ಯೂನಿಟ್ಟಿನ ಬೆಲೆ ಇಳಿಯುತ್ತದೆ.

ಇನ್ನು ಕೊಳ್ಳಬೇಕೆಂದಿರುವವರು ಊರಿಗೆ ಹೋದ ಮೇಲೆ ಕಳೆದ ವರ್ಷ ಎಷ್ಟು ದಿನ ಎಂಜಿನ್ ಓಡಿಸಿದಿರಿ, ಎಷ್ಟು ಲೀಟರ್ ಡೀಸೆಲ್ ತಂದಿರಿ, ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟು ಅಡಿಗೆ ಇಳಿದಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಈ ಮೂರು ಸಂಖ್ಯೆ ಕೈಯಲ್ಲಿದ್ದರೆ, ಕುಳಿತು ಹತ್ತು ನಿಮಿಷದಲ್ಲಿ ನಿಮ್ಮ ಲೆಕ್ಕವನ್ನು ಮಾಡಿಕೊಡಬಹುದು. ಬೆಳಿಗ್ಗೆ ಪ್ರಶ್ನೆ ಕೇಳಿದ ಹಿರಿಯರ ಲೆಕ್ಕ ಊಟದ ಹೊತ್ತಿಗೇ ಆಯಿತು. ಅವರದು 40 ದಿನ, ಡೀಸೆಲ್ ಎಂಜಿನ್ನೇ ಸಾಕು. ಮಗ ಮುಂದಿನ ವರ್ಷ ಎರಡು ಎಕರೆ ಹಿಪ್ಪುನೇರಳೆ ನಾಟಿ ಮಾಡುವುದಾಗಿ ಹೇಳುತ್ತಿದ್ದಾನೆ. ನಾಟಿ ಮಾಡಿದರೆ ಇನ್ನೊಮ್ಮೆ ಬನ್ನಿ ಎಂದು ಹೇಳಿದ್ದೇನೆ.