ರೂಪಾಯಿಗೆ ಎರಡು ಬೆಲೆ
ದೇಶ ದೇಶಗಳ ಬದುಕನ್ನು ಡಾಲರಿನ ವಿನಿಮಯ ದರದಿಂದ ಅಳೆಯುವುದು ನಮ್ಮ ರೂಢಿ. 2017ರಲ್ಲಿ ಒಂದು ಡಾಲರಿಗೆ ಸರಾಸರಿ 65.12 ರೂಪಾಯಿ ತೆರಬೇಕಿತ್ತು. ಆದರೆ ವಿಶ್ವಬ್ಯಾಂಕಿನ ಹೋಲಿಕಾ ಲೆಕ್ಕದಂತೆ, ಅಮೆರಿಕದಲ್ಲಿ ಒಂದು ಡಾಲರಿಗೆ ದೊರೆಯುವಷ್ಟನ್ನು ಅದೇ ವರ್ಷ ಭಾರತದಲ್ಲಿ 20.65 ರೂಪಾಯಿಗೆ ಪಡೆಯಬಹುದಿತ್ತು. ದರ್ಜಿಯ, ಕ್ಷೌರಿಕನ, ಮನೆಗೆಲಸದವಳ ದುಡಿಮೆ ಗಡಿ ದಾಟುವುದಿಲ್ಲ. ಅದರ ಬೆಲೆ ಇಲ್ಲಿನ ಕೂಲಿಯಿಂದಲೇ ನಿರ್ಧಾರವಾಗುತ್ತದೆ. ನಮ್ಮ ಅಗ್ಗದ ಬದುಕಿನ ಹಿಂದೆ ಯಾರದೋ ಅಲ್ಪ ಸಂಬಳವಿದೆಯೆಂದಾಯಿತು. ಇದನ್ನು ಮರೆತು, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ನಾವು ಜಗತ್ತಿನ ಮೂರನೆಯ ದೊಡ್ಡ ಅರ್ಥವ್ಯವಸ್ಥೆಯೆಂದು ಬೀಗುವವರಿದ್ದಾರೆ. ಅದು ಒಟ್ಟು ಮೊತ್ತ ಮಾತ್ರ. ತಲೆಗೆ ಹಂಚಿ ನೋಡಿದರೆ ನೂರಕ್ಕೂ ಹೆಚ್ಚು ದೇಶಗಳು ನಮಗಿಂತ ಮುಂದಿವೆ. ಇನ್ನು ಕೊಲ್ಲಿಗೆ ಹೋದ ಮಕ್ಕಳ ಸಂಗತಿ ನಿಮಗೇ ಗೊತ್ತು: ಅವರು ಕಳಿಸುವ ರಿಯಾಲು ಊರಿನಲ್ಲಿ ಹಿಗ್ಗುತ್ತದೆ, ಅಲ್ಲೇ ಸಂಸಾರ ಹೂಡಿದರೆ ಬಾಡಿಗೆಗೇ ಕರಗುತ್ತದೆ.